ಮಾತ್ರೆಯ ಡಬ್ಬಿ ಯಾರ ಕೈಗೆ ಕೊಟ್ಟಿರಿ?

ಚಿಕಿತ್ಸಾ ಕೇಂದ್ರದ ಮಾನ್ಯ ಮುಖ್ಯಾಧಿಕಾರಿಗಳೇ,

ಹೋದ ಸೋಮವಾರ ನಿಮ್ಮ ಕೇಂದ್ರ ನನಗೆ ಎಚ್‌ಐವಿ ಮಾತ್ರೆ ಕೊಡದೆ ವಾಪಸು ಕಳಿಸಿತು. ಜೊತೆಗೆ ಬಂದಿದ್ದ ಸೂಗಮ್ಮ ನನ್ನ ಸಂಬಂಧಿಯಲ್ಲ, ಆದ್ದರಿಂದ ‘ಮನೆಯ ಜವಾಬ್ದಾರಿಯ ವ್ಯಕ್ತಿ’ ಆಗಲಾರಳಂತೆ. ನಿಮ್ಮವರು ಹೇಳಿದ್ದು ಇಷ್ಟೆ: “ಗಂಡನ್ನ ಕರ್ಕೊಂಡು ಬಾ.” ಆ ಗಂಡ ಎರಡು ವರ್ಷ ಜವಾಬ್ದಾರಿ ಹೊತ್ತ ಬಗೆಯನ್ನು ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ. ಸಿಟ್ಟು ಬರುವ ಜಾಗ ನನ್ನಲ್ಲಿ ಜೋಮು ಹಿಡಿದು ಬಹಳ ದಿನವಾಯಿತು.

ನನ್ನ ತವರು ಸೇಡಂ ತಾಲ್ಲೂಕಿನ ಆಡಕಿ. ವಾಡಿಯ ಬೀರಲಿಂಗನಿಗೆ ಕೊಟ್ಟರು. ಗೌಂಡಿ ಕೆಲಸ ಅವನದು. ಬಸಿರಾದಾಗ ರಕ್ತ ಪರೀಕ್ಷೆ ಮಾಡಿದರು. ಇಬ್ಬರಿಗೂ ಸೋಂಕಿತ್ತು. ಕೂಸು ಉಳಿಯಲಿಲ್ಲ. 2006ರಲ್ಲಿ ಚಿಕಿತ್ಸೆಗೆ ಬಂದಾಗ ನಿಮ್ಮವರು ನನ್ನ ಡಬ್ಬಿಯನ್ನೂ ಅವನ ಕೈಗಿಟ್ಟು, “ಹೊತ್ತಿಗೆ ಸರಿಯಾಗಿ ನೀವೇ ಕೊಡ್ರಿ” ಎಂದರು. ಅವನು ಅದಕ್ಕೆ ಬೀಗ ಹಾಕಿದ. ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಅಂದು ಮಾತ್ರೆ ಇಲ್ಲ. ತವರಿನ ಸುದ್ದಿ ತೆಗೆದರೆ ಇಲ್ಲ. ಹೊಡೆದ ದಿನವಂತೂ ಇಲ್ಲವೇ ಇಲ್ಲ. ತನ್ನ ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ. ಅಂಥ ಶಿಸ್ತಿನ ರೋಗಿ ನಿಮಗೆ ಮತ್ತೊಬ್ಬ ಸಿಗಲಿಕ್ಕಿಲ್ಲ.

ಅತ್ತೆ ಗುಂಡಮ್ಮ ಒಮ್ಮೆ ಹೇಳಿ ನೋಡಿದಳು: “ಅಕಿ ಗುಳಿಗಿ ಅಕಿಗಿ ಕೊಡೋ, ಸತ್ತು ಗಿತ್ತಾಳು.”

“ಸತ್ರ ಸಾಯಲಿ. ಬಾಯರ ಮುಚ್ಚತದ.”

ನಾನು ಒಣಗುತ್ತಾ ಬಂದೆ. ಕೆಮ್ಮು ಹಿಡಿಯಿತು. ಅವನು ಒದ್ದ ಪಕ್ಕೆಯಲ್ಲಿ, ಕೆಮ್ಮಿದಾಗಲೆಲ್ಲ, ಸಳಕು ಬರುತ್ತಿತ್ತು. ನಿಮ್ಮ ವೈದ್ಯರು ರಕ್ತದ ವರದಿ ನೋಡಿ, ನನ್ನನ್ನಲ್ಲ, ಅವನನ್ನು ಕೇಳಿದರು: “ಸರಿಯಾಗಿ ಮಾತ್ರೆ ತಗೋತಾಳಾ?”

“ಏನ್ ಮಾಡ್ಲಿರಿ ಸಾಹೇಬ್ರ, ಭಾಳ ಹಟ. ಹೇಳಿದ್ ಮಾತ್ ಕೇಳಂಗಿಲ್ಲ.”

“ಇಂಥಾ ಗಂಡ ಸಿಕ್ಕಾನ, ನಿನಗ ಜೀವದ ಕಾಳಜಿ ಇಲ್ಲೇನು?” ಎಂದು ನನ್ನನ್ನೇ ಬೈದರು. ಅವನು ನನ್ನ ಪಕ್ಕದಲ್ಲೇ ಇದ್ದ. ಏನು ಹೇಳಬೇಕಿತ್ತು, ಮಾನ್ಯರೇ? ಹೇಳಿದ ಮೇಲೆ ಯಾವ ಮನೆಗೆ ಹೋಗಬೇಕಿತ್ತು?

ಕ್ಷಯವೆಂದು ಆಸ್ಪತ್ರೆಗೆ ಸೇರಿಸಿದರು. ಅವನು ಬಿಟ್ಟು ಹೋದವನು ಮತ್ತೆ ಬರಲಿಲ್ಲ. ಪಕ್ಕದ ಮಂಚದಲ್ಲಿದ್ದ ತನ್ನ ತಂಗಿಯನ್ನು ನೋಡಿಕೊಳ್ಳಲು ಚಿತ್ತಾಪುರದ ಸೂಗಮ್ಮ ಬಂದಿದ್ದಳು. ಬಳೆ ಮಾರುವ ವಿಧವೆ. ನನ್ನ ಮೈ ಒರೆಸುತ್ತಾ, ತೋಳಿನ ಮೇಲಿನ ನೀಲಿ ಗುರುತು ಕಂಡು ಕೈ ನಿಲ್ಲಿಸಿದಳು.

“ಇದೇನಿದು?”

“ಬಚ್ಚಲದಾಗ ಜಾರಿದೆ.”

“ಬಚ್ಚಲಕ್ಕ ಐದು ಬೆರಳು ಇರ್ತಾವೇನ?”

ಎರಡು ವರ್ಷದಲ್ಲಿ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನಗೆ ಅಳು ಬರಲಿಲ್ಲ. ಎಲ್ಲವನ್ನೂ ಹೇಳಿದೆ, ಬೇರೆ ಯಾರದೋ ಕಥೆ ಹೇಳಿದಂತೆ. “ನಡಿ, ನಮ್ಮನಿಗಿ ಹೋಗಮು” ಎಂದಳು. ಬಿಡುಗಡೆಯಾದಾಗ ಹೋದೆ. ಆಸ್ಪತ್ರೆಯವರು ಕೊಟ್ಟ ತಿಂಗಳ ಮಾತ್ರೆಯಲ್ಲಿ ಒಂದೂ ತಪ್ಪಿಲ್ಲ. ಅನ್ನ ರುಚಿಸುತ್ತಿದೆ. ರವಿಕೆ ಸಡಿಲವಾಗುವುದು ನಿಂತಿದೆ.

ಮಾತ್ರೆ ತಪ್ಪಿದರೆ ಔಷಧ ನಾಟುವುದಿಲ್ಲ ಎಂದು ನಿಮ್ಮ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೀರಿ. ಒದೆ ತಿನ್ನುವವಳಿಗೆ ಮಾತ್ರೆ ಯಾಕೆ ತಪ್ಪುತ್ತದೆಂಬುದನ್ನು ಯಾವ ಗೋಡೆಯ ಮೇಲೆ ಬರೆಸುತ್ತೀರಿ?

ಜೊತೆಗೆ ಬಂದವರನ್ನು ಹೊರಗೆ ಕೂಡಿಸಿ, ಬಾಗಿಲು ಹಾಕಿ, ಪ್ರತಿ ಹೆಣ್ಣುಮಗಳನ್ನೂ ಕೇಳಿ: ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ? ಅವಳ ಡಬ್ಬಿಯನ್ನು ಅವಳಿಗೇ ಕೊಡಿ. ನನ್ನಲ್ಲಿ ಇನ್ನು ಉಳಿದಿರುವುದು ಈ ವಾರಕ್ಕಾಗುವಷ್ಟು. ಬರುವ ಸೋಮವಾರ ಸೂಗಮ್ಮನೊಂದಿಗೇ ಬರುತ್ತೇನೆ. ಗಂಡನನ್ನು ಕರೆತರುವುದಿಲ್ಲ.

ಇಂತಿ,
ಇನ್ನೂ ಸಾಯದೆ ತಮಗೆ ತೊಂದರೆ ಕೊಡುತ್ತಿರುವ
ದೇವಿಕಾ
ಚಿತ್ತಾಪುರ, 2008