ಅರ್ಧ ಪುರಾಣದ ಗಡಿಯಾರ

ಶ್ರೀ ಗುರು ಕೊಟ್ಟೂರೇಶ್ವರ ಪ್ರಸನ್ನ

ಕೊಟ್ಟೂರು
ಚಿತ್ರಭಾನು ಸಂವತ್ಸರ, ಆಷಾಢ ಬಹುಳ ದಶಮಿ, ಶನಿವಾರ
೩-೮-೨೦೦೨

ಇಪ್ಪತ್ತಮೂರು ಶ್ರಾವಣಗಳ ಕಾಲ ಒಂದೇ ಪೀಠದ ಮುಂದೆ ನನ್ನೊಡನೆ ಕುಳಿತ ಹಲವಾಗಲಿನ ಹಾಲೇಶಪ್ಪನವರಿಗೆ ಕೊಟ್ರಬಸಯ್ಯನ ಶರಣು ಶರಣಾರ್ಥಿಗಳು.

ಯುಗಾದಿಗೆ ಮುಂಚೆ ಒಂದು, ಕಾರಹುಣ್ಣಿಮೆ ಕಳೆದ ಮೇಲೆ ಇನ್ನೊಂದು, ಹೀಗೆ ತಮ್ಮ ಎರಡು ಪತ್ರಗಳು ಬಂದು ತಲುಪಿವೆ. ಉತ್ತರಿಸದೆ ಉಳಿದದ್ದು ನನ್ನ ಅಪರಾಧ, ಮನ್ನಿಸಬೇಕು. ಬರೆಯಲು ಕುಳಿತದ್ದುಂಟು. ‘ಕ್ಷೇಮ’ ಎಂಬ ಪದದವರೆಗೆ ಬಂದು ಲೇಖನಿ ನಿಂತುಬಿಡುತ್ತಿತ್ತು. ಸ್ನಾನ, ವಿಭೂತಿಧಾರಣೆ, ಲಿಂಗಪೂಜೆ ಎಲ್ಲವೂ ಕ್ರಮದಂತೆ ನಡೆಯುತ್ತಿವೆ. ನೆರೆಮನೆಯ ಗಾದೆಮ್ಮ ಎರಡು ಹೊತ್ತು ರೊಟ್ಟಿ ತಂದಿಡುತ್ತಾಳೆ, ಉಣ್ಣುತ್ತೇನೆ. ಪಲ್ಯ ಯಾವುದಿತ್ತೆಂದು ಆಮೇಲೆ ಕೇಳಿದರೆ ಹೇಳಲಾರೆ. ಮರುಳಸಿದ್ದಮ್ಮ ಲಿಂಗೈಕ್ಯಳಾಗಿ ಈ ಶ್ರಾವಣಕ್ಕೆ ವರ್ಷ ತುಂಬುತ್ತದೆ. ಹೆಂಡತಿಯನ್ನು ಕಳೆದುಕೊಂಡವನು ಅಳಬೇಕೆಂದು ಜನ ಕಾದರು, ನಾನೂ ಕಾದೆ. ಅದು ಬರಲಿಲ್ಲ.

ಈಗ ಬರೆಯುತ್ತಿರುವುದು ಒಂದು ಕೈಗಡಿಯಾರದ ವಿಷಯ. ತಾವು ಬಲ್ಲದ್ದನ್ನೇ ಮೊದಲಿನಿಂದ ಹೇಳುತ್ತಿದ್ದೇನೆಂದು ಬೇಸರಿಸಬಾರದು. ಪುರಾಣದ ಅರ್ಥ ಹೇಳಿ ಹೇಳಿ ಬಂದ ಚಟವಿದು. ಪೀಠಿಕೆಯಿಲ್ಲದೆ ನಾನು ಯಾವುದರ ಕೊನೆಯನ್ನೂ ಮುಟ್ಟಲಾರೆ.

ಶ್ರಾವಣದ ಪುರಾಣ ಮುಗಿದು ಮಂಗಲವಾಗುವ ದಿನ ಊರ ಹಿರಿಯರಾದ ದೈವದವರು ಕೊಡುವ ಕಾಣಿಕೆಯಿಂದ ವರ್ಷಕ್ಕೊಂದು ಗಡಿಯಾರ ಕೊಳ್ಳುವುದು, ಮಾಸ್ತರಿಕೆಯ ಸಂಬಳವನ್ನಾಗಲಿ ನಿವೃತ್ತಿವೇತನವನ್ನಾಗಲಿ ಅದಕ್ಕೆ ಮುಟ್ಟದಿರುವುದು ನಾನು ಹಾಕಿಕೊಂಡ ನೇಮ. ಆ ವರ್ಷ ಪುರಾಣ ನಡೆದ ಊರೇ ಗಡಿಯಾರದ ಹೆಸರು. ಹೊಳಲಿನದು ದುಂಡಗೆ ಹಳದಿ ಮುಖದ್ದು. ಉಚ್ಚಂಗಿದುರ್ಗದ್ದು ದಿನಕ್ಕೆ ಐದು ನಿಮಿಷ ಮುಂದೋಡುವಂಥದ್ದು. ತಮ್ಮ ಹಲವಾಗಲಿನದು ಗಾಜಿನೊಳಗೆ ನದಿಯ ತೇವ ಹಿಡಿದು ಮಸುಕಾದದ್ದು. ತಗಡಿನ ಡಬ್ಬಿಯಲ್ಲಿ ಇಪ್ಪತ್ತೆರಡಿವೆ, ಎಲ್ಲವೂ ಕೀಲಿ ಕೊಡುವಂಥವು. ಪ್ರತಿಯೊಂದನ್ನೂ ಕಿವಿಗೆ ಹಿಡಿದು ಆರಿಸಿದವಳು ಮರುಳಸಿದ್ದಮ್ಮ. ಆರಿಸಿಕೊಟ್ಟು ಹಂಗಿಸುತ್ತಿದ್ದವಳೂ ಅವಳೇ: “ಶಿವ ಕೊಟ್ಟಿದ್ದು ಎರಡ ಕೈ. ಉಳಿದಿದ್ದನ್ನೆಲ್ಲ ಯಾರ ಕೈಗೆ ಕಟ್ತೀರಿ, ಮಠದ ಕಂಬಕ್ಕ?”

ಕಳೆದ ವರ್ಷ ಪುರಾಣ ನಮ್ಮ ಕೇರಿಯ ಮಠದಲ್ಲಿಯೇ ಇತ್ತು. ಹದಿನಾಲ್ಕನೆಯ ದಿನಕ್ಕೆ ನಿಂತುಹೋಯಿತು. ಆದರೂ ದೈವದವರು ಅರ್ಧ ಕಾಣಿಕೆಯನ್ನು ಮನೆಗೆ ತಂದು ಕೊಟ್ಟರು. ಆ ನಾನೂರೈವತ್ತು ರೂಪಾಯಿ ವರ್ಷವಿಡೀ ವಿಭೂತಿಯ ಗೂಡಿನಲ್ಲಿ ಬಿದ್ದಿತ್ತು. ಅದರೊಳಗೆ ಸಿಕ್ಕುವ ಗಡಿಯಾರ ಯಾವುದೆಂಬುದು ನನ್ನ ಮುಂದಿದ್ದ ಪ್ರಶ್ನೆ. ಈ ವರ್ಷ ಪುರಾಣ ನಡೆಯುವುದೋ ಇಲ್ಲವೋ ಎಂಬುದೂ ಆ ಪ್ರಶ್ನೆಗೇ ಗಂಟುಬಿದ್ದಿದೆ.

ಗಂಟು ಬಿದ್ದದ್ದು ತಮ್ಮ ಮಾತಿನಿಂದ. ಮಗಳ ಊರೆಂದು ಹಲವಾಗಲಿಗೆ ಬಂದಿದ್ದ ನಮ್ಮ ಓಣಿಯ ದೊಡ್ಡಬೀರಪ್ಪ ತಮ್ಮನ್ನು ಕಂಡು, ತಾವು ಆಡಿದ್ದನ್ನು ಕಟ್ಟೆಯ ಮೇಲೆ ಎಲ್ಲರೆದುರು ಒಪ್ಪಿಸಿದ. “ಹಾಲೇಶಪ್ಪ ಹೇಳ್ಯಾನ್ರೀ ಅಯ್ಯನೋರ, ಕೀಲಿ ಕೊಡೋ ವಾಚು ಇಟ್ಟ ಪೀಠದ ಮುಂದ ನಾ ಇನ್ನ ಕುಂದ್ರಂಗಿಲ್ಲ ಅಂತ. ಸೆಲ್ಲಿಂದು ತಗಂಡ್ರ ಬರ್ತಾನಂತ. ಇಲ್ಲಾಂದ್ರ ಬ್ಯಾರೆ ಓದೋರ್ನ ನೋಡ್ಕಳ್ರಿ ಅಂದ. ಮದುವಿ ಗಂಡಿಗಿಂತ ಜೋರೈತ್ರಿ ಅವನ ಹಟ!”

ಕುಳಿತವರೆಲ್ಲ ನಕ್ಕರು. ಗಾದೆಮ್ಮ ಮಾತ್ರ ಬಾಗಿಲಲ್ಲೇ ನಿಂತು ಅಂದಳು: “ನಗ್ತೀರೇನು? ಹಾಲೇಶಣ್ಣ ಬರಲಿಲ್ಲಾಂದ್ರ ಅಯ್ಯನೋರು ಪುರಾಣ ಹೆಂಗ ಹಚ್ತಾರ? ತಾವ ಓದಿ, ತಾವ ಅರ್ಥ ಹೇಳಿ. ಒಬ್ಬನ ಎರಡು ಕೈಲೆ ಕುಸ್ತಿ ಹಿಡದಂಗ ಆಕ್ಕೈತಿ.”

ಅವಳ ಮಾತು ದಿಟ. ತಾವು ರಾಗದಿಂದ ಪದ್ಯ ಓದಬೇಕು, ನಾನು ಅರ್ಥ ಬಿಡಿಸಬೇಕು, ಇಬ್ಬರಿಲ್ಲದೆ ಪುರಾಣವಿಲ್ಲ. ಆರಂಭಕ್ಕೆ ಮುನ್ನ ದೀಪ ಹಚ್ಚಿ, ಗಡಿಯಾರಕ್ಕೆ ಕೀಲಿ ಕೊಟ್ಟು, ನನ್ನ ಬಲಗಡೆ ವಸ್ತ್ರದ ಮರೆಯಲ್ಲಿ ಇಡುವುದೂ ತಮ್ಮದೇ ಸೇವೆಯಾಗಿತ್ತು. ಅದನ್ನು ನೋಡಿ ಏಳೂವರೆಯ ಮಂಗಳಾರತಿಗೆ ಮುಗಿಸುವುದು ನನ್ನದು. ಕಳೆದ ಶ್ರಾವಣದ ಆ ಸಂಜೆ ಬಸ್ಸು ತಡವಾಗಿ ತಾವು ಓಡೋಡಿ ಬಂದಿರಿ. ಗಡಿಯಾರ ಏಳು ಗಂಟೆ ಹತ್ತು ನಿಮಿಷಕ್ಕೆ ನಿಂತಿತ್ತು. ಹೊತ್ತಿನ್ನೂ ಇದೆಯೆಂದು ನಾನು ಎಂಟರವರೆಗೆ ಅರ್ಥ ಹೇಳಿದೆ. ಮನೆಯಲ್ಲಿ ಮರುಳಸಿದ್ದಮ್ಮನಿಗೆ ಎದೆನೋವು ಹೆಚ್ಚಿ, ನನ್ನನ್ನು ಕರೆಯಲೆಂದು ಗಾದೆಮ್ಮ ಅಟ್ಟಿದ ದೊಡ್ಡಬೀರಪ್ಪ ಮಠದ ಕಂಬದ ಬಳಿ ಕೈಕಟ್ಟಿ ನಿಂತೇ ಇದ್ದ. ಪೀಠದ ಮೇಲೆ ಗ್ರಂಥ ತೆರೆದಿರುವಾಗ ಅರ್ಥ ಹೇಳುವವನನ್ನು ಯಾರೂ ಕರೆಯಬಾರದೆಂಬುದು ನಮ್ಮ ಹಿರಿಯರಿಂದ ಬಂದ ಕಟ್ಟು. ಮಂಗಳಾರತಿಯಾಗುವವರೆಗೆ ಅವನು ಬಾಯಿ ತೆರೆಯಲಿಲ್ಲ. ನೂರು ಹೆಜ್ಜೆಯ ಆಚೆ ನನ್ನ ಮನೆ. ನಾನು ಹೋಗುವಾಗ ಎಂಟು ದಾಟಿತ್ತು. ಅವಳು ಏಳು ಐವತ್ತರವರೆಗೆ ಇದ್ದಳಂತೆ.

ಊರು ಇದನ್ನು ಹೀಗೆಯೇ ಬಲ್ಲದು. ತಾವೂ ಹೀಗೆಯೇ ಬಲ್ಲಿರಿ. ಎರಡು ಪತ್ರಗಳಲ್ಲಿಯೂ ತಾವು ಒಂದೇ ಮಾತನ್ನು ಬರೆದಿದ್ದೀರಿ: “ಕೀಲಿ ಕೊಟ್ಟೆನೋ ಇಲ್ಲವೋ ಎಷ್ಟು ನೆನೆದರೂ ನೆನಪಾಗುತ್ತಿಲ್ಲ. ಕೊಟ್ಟಿರಲಾರೆ. ಅಕ್ಕನ ಕೊನೆಯ ಮಾತನ್ನು ತಮಗೆ ತಪ್ಪಿಸಿದ ಪಾಪಿ ನಾನು.”

ಮೊನ್ನೆ ಗುರುವಾರ ಬಸ್ಸು ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದೆ. ಬಸ್ ನಿಲ್ದಾಣದ ಪಕ್ಕದ ವಾಚು ರಿಪೇರಿಯ ಅಂಜಿನಿಯನ್ನು ತಾವೂ ಬಲ್ಲಿರಿ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ತೆಗೆಯದೆಯೇ ಮಾತನಾಡುವವನು.

“ಬರ್ರಿ ಅಯ್ಯನೋರ, ಕುಂದರ್ರಿ. ವರ್ಷ ಆತು ನಿಮ್ಮ ಮಕ ನೋಡಿ. ವಾಚಿನ ಹುಚ್ಚು ಇಳದೈತಿ ಅನಕಂಡಿದ್ದೆ.”

ಇಳಿದಿದೆಯೋ ಏನೋ ನನಗೇ ತಿಳಿಯದೆಂದೆ. ಅವನು ಮೂರನ್ನು ಗಾಜಿನ ಮೇಲೆ ಇಟ್ಟ. ಒಂದು ಹಡಗಲಿ ಕಡೆಯ ಶಾನುಭೋಗರ ಮನೆಯ ಜೇಬುಗಡಿಯಾರ, ಬೆಳ್ಳಿಯ ಮುಚ್ಚಳದ್ದು, ಒಳಗಿನ ಯಂತ್ರ ಸತ್ತದ್ದು. ಅದಕ್ಕೆ ಜೀವ ಬರಿಸಬೇಕಾದರೆ ಒಂದು ಇಡೀ ಪುರಾಣದ ಕಾಣಿಕೆ ಸಾಲದು. “ಹಂಗ ಇಟ್ಕಳ್ಳೋದಾದ್ರ ನಾನೂರಕ್ಕ ಕೊಡ್ತೀನಿ, ಗೂಡಿನಾಗ ಚೆಂದ ಕಾಣ್ತೈತಿ” ಎಂದ. ನಡೆಯದ ಗಡಿಯಾರವನ್ನು ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟೆ.

ಎರಡನೆಯದು ಎಚ್.ಎಂ.ಟಿ. ಪೈಲಟ್, ಕಪ್ಪು ಮುಖದ್ದು, ಕೀಲಿಯದು. ಗಾಜಿನ ಮೇಲೆ ಎರಡು ಗೀರು. “ಇದು ಬಸ್ ಡ್ರೈವರಂದ್ರಿ. ರಿಟೈರಾಗ್ಯಾನ. ಇನ್ನ ಟೈಮ್ ತಗಂಡು ಏನ್ ಮಾಡ್ಲಲೇ ಅಂಜಿನಿ ಅಂತ ಕೊಟ್ಟು ಹೋಗ್ಯಾನ. ನಿಮಗಂತ ಮುನ್ನೂರ ಎಂಬತ್ತು.”

ಮೂರನೆಯದು ಸೆಲ್ಲಿನ ವಾಚು, ಹೊಸದು, ಬಂಗಾರದ ಬಣ್ಣದ್ದು. ಎಲ್ಲಕ್ಕಿಂತ ಅಗ್ಗ. ನಾನು ಕೇಳುವ ಮೊದಲೇ ಅವನು ಅದನ್ನು ನನ್ನ ಮಣಿಕಟ್ಟಿಗೆ ಸುತ್ತಿದ. “ಬೀರಪ್ಪಣ್ಣ ಎಲ್ಲಾ ಹೇಳ್ಯಾನ್ರಿ. ಹಾಲೇಶಪ್ಪಾರಿಗೆ ಇದ ಬೇಕಂತಲ್ರಿ? ಸೆಲ್ ಹಾಕಿ ಮರತುಬಿಡ್ರಿ. ಎರಡು ವರ್ಷ ತಿರುಗಿ ನೋಡಂಗಿಲ್ಲ. ಕೀಲಿ ಇಲ್ಲ, ಜಗಳಾನೂ ಇಲ್ಲ.”

ಪೈಲಟ್ಟನ್ನು ಕಿವಿಗೆ ಹಿಡಿದೆ, ಅವಳು ಹಿಡಿಯುತ್ತಿದ್ದಂತೆ. ಟಿಕ್ ಟಿಕ್ ಎಂದು ಕೇಳಿಸಿತು. ಕೇಳಿಸಿತು, ಅಷ್ಟೇ. ಮೊದಲೆಲ್ಲ ಹೊಸ ಗಡಿಯಾರವನ್ನು ಆರಿಸುವಾಗ ಎದೆ ಹುಡುಗನಂತೆ ಹಾರುತ್ತಿತ್ತು. ಮೊನ್ನೆ ತರಕಾರಿ ತೂಗಿಸಿದಷ್ಟೂ ಆಗಲಿಲ್ಲ. ಆದರೂ ಸೆಲ್ಲಿನದನ್ನು ಮಣಿಕಟ್ಟಿನಿಂದ ಬಿಚ್ಚಿ ಇಟ್ಟು, ಪೈಲಟ್ಟನ್ನೇ ಕೊಡು ಎಂದೆ. ಡಬ್ಬಿಯಲ್ಲಿರುವುವೆಲ್ಲ ಕೀಲಿಯವೇ ಆದುದರಿಂದ ಇದೂ ಹಾಗೆಯೇ ಇರಲೆಂದು ಕಾರಣ ಹೇಳಿದೆ.

ಅಂಜಿನಿ ಭೂತಗನ್ನಡಿಯನ್ನು ತೆಗೆದು ನನ್ನ ಮುಖವನ್ನು ನೋಡಿದ. “ಅಯ್ಯನೋರ, ತಪ್ಪ ತಿಳೀಬ್ಯಾಡ್ರಿ. ಡಬ್ಬಿ ಪುರಾಣ ಓದಂಗಿಲ್ರಿ. ಓದೋರು ಹಾಲೇಶಪ್ಪಾರು.”

ನಾನು ಹಣ ಎಣಿಸಿ ಗಾಜಿನ ಮೇಲಿಟ್ಟೆ. ಅವನು ಹೊಸ ಪಟ್ಟಿ ಹಾಕಿ, ಚೀಟಿಯಲ್ಲಿ ಸುತ್ತಿಕೊಟ್ಟ.

ಈಗ ವಿಷಯ ತಮ್ಮ ಕೈಯಲ್ಲಿದೆ. ಬರುವ ಗುರುವಾರ ಅಮಾವಾಸ್ಯೆ. ಅಷ್ಟರೊಳಗೆ ಹೂಂ ಅಥವಾ ಊಹೂಂ ಎನ್ನಬೇಕೆಂದು ದೈವದವರು ಕೇಳಿದ್ದಾರೆ. ತಾವು ಬಂದರೆ ನಿಂತಲ್ಲಿಂದ ಪುರಾಣ ಹಚ್ಚುವುದು. ಬಾರದಿದ್ದರೆ ಗ್ರಂಥ ಕಟ್ಟಿದಂತೆಯೇ ಇರುವುದು. ಬೇರೆ ಓದುಗರನ್ನು ನಾನು ಹುಡುಕುವುದಿಲ್ಲ. ತಮ್ಮ ಷರತ್ತನ್ನು ಮುರಿದು, ಕೀಲಿಯ ಗಡಿಯಾರವನ್ನೇ ಕೊಂಡು, ಮತ್ತೆ ತಾವೇ ಬಂದು ಅದಕ್ಕೆ ಕೀಲಿ ಕೊಡಬೇಕೆಂದು ಕೇಳುವುದು ನಿರ್ದಯವಾಗಿ ತೋರಬಹುದು. ಬಲ್ಲೆ.

ಹೊಳೆಗೆ ನೀರು ಬಂದಿರಬೇಕು. ಗದ್ದೆಯ ಕಡೆ ಜಾರುವಲ್ಲಿ ಜೋಪಾನ. ಮಂಡಿನೋವಿಗೆ ಕಳೆದ ಸಲ ಹೇಳಿದ ಎಣ್ಣೆಯನ್ನು ಬಿಡದೆ ಹಚ್ಚಬೇಕು. ತಮ್ಮ ಮನೆಯವರಿಗೂ ಮಕ್ಕಳುಮರಿಗಳಿಗೂ ಗುರುವಿನ ಕರುಣೆ ನೆರಳಾಗಿರಲಿ. ತಮ್ಮ ಕಂಠಕ್ಕೆ ಅವನು ಇನ್ನೂ ಬಹುಕಾಲ ಬಲ ಕೊಡಲಿ ಎಂದು ಹರಸುವ

ತಮ್ಮ
ಕೊಟ್ರಬಸಯ್ಯ

ತಾ.ಕ.: ಮೇಲಿನದನ್ನು ಬರೆದು ಲಕೋಟೆಗೆ ಹಾಕಿ, ಮತ್ತೆ ಹೊರತೆಗೆದಿದ್ದೇನೆ. ಡಬ್ಬಿಯ ಕಾರಣ ಸುಳ್ಳು. ಸೆಲ್ಲಿನ ವಾಚನ್ನು ಕೊಂಡಿದ್ದರೆ ಆ ಸಂಜೆ ತಾವು ತಪ್ಪಿದ್ದಿರೆಂದು ನಾನು ಒಪ್ಪಿ ಮುದ್ರೆಯೊತ್ತಿದಂತೆ ಆಗುತ್ತಿತ್ತು. ಅದಕ್ಕಾಗಿ ಕೊಳ್ಳಲಿಲ್ಲ.

ದೊಡ್ಡಬೀರಪ್ಪ ಕಂಬದ ಬಳಿ ಬಂದು ನಿಂತದ್ದನ್ನು ನಾನು ನೋಡಿದ್ದೆ. ತಲೆಯ ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ನಮ್ಮಲ್ಲಿ ಸಾವಿನ ಸುದ್ದಿ ತರುವವನು ಹಾಗೆ ಬರುತ್ತಾನೆಂಬುದನ್ನು ತಾವು ಬಲ್ಲಿರಿ. ಅವಳು ಹೋದಳೆಂದು ತಿಳಿದೆ. ಗ್ರಂಥ ತೆರೆದಿರುವವರೆಗೆ ಆ ಮಾತನ್ನು ಅವನು ಆಡಲಾರ. ಆಡದಿರುವವರೆಗೆ ನಾನು ಕೇಳಿದವನಲ್ಲ. ಗಡಿಯಾರ ನೋಡಿದೆ, ಏಳು ಹತ್ತಾಗಿತ್ತು, ನಡೆಯುತ್ತಿತ್ತು. ವಸ್ತ್ರದ ಮರೆಯಲ್ಲಿ ಉಗುರಿನಿಂದ ಕೀಲಿಯ ಗುಂಡಿಯನ್ನು ಹೊರಗೆಳೆದೆ, ಮುಳ್ಳುಗಳು ನಿಂತವು. “ಮುಂದಿನ ಪದ್ಯ ಓದ್ರಿ” ಎಂದು ತಮಗೆ ಹೇಳಿದೆ. ತಾವು ಓದಿದಿರಿ. ಐವತ್ತು ನಿಮಿಷ ಅರ್ಥ ಹೇಳಿದೆ. ಅಂದಿನಷ್ಟು ಸೊಗಸಾಗಿ ಎಂದೂ ಹೇಳಿರಲಿಲ್ಲವೆಂದು ಜನ ಆಮೇಲೆ ಅಂದರು.

ಬೀರಪ್ಪ ಓಡಿ ಬಂದಿದ್ದ. ರುಮಾಲು ಬಿಚ್ಚಿದ್ದು ಬೆವರು ಒರೆಸಲು. “ಅಮ್ಮಾರು ನಿಮ್ಮನ್ನ ಕರೀತಿದ್ರು ಅಯ್ಯನೋರ, ಬಾಗಲಾ ನೋಡ್ತಿದ್ರು” ಎಂದು ಮಂಗಳಾರತಿಯ ತಟ್ಟೆಯ ಮುಂದೆ ಹೇಳಿದ. ಆಗ ನನ್ನ ಬಾಯಿಂದ ಮೊದಲು ಬಂದ ಮಾತು, ಗಡಿಯಾರ ನಿಂತಿತ್ತು ಎಂಬುದು. ಎಲ್ಲರೂ ತಮ್ಮ ಕಡೆ ತಿರುಗಿದರು. ನಾನು ತಡೆಯಲಿಲ್ಲ. ಒಂದು ವರ್ಷ ತಡೆಯಲಿಲ್ಲ.

ಇದನ್ನು ಅಮಾವಾಸ್ಯೆಯ ದಿನ ದೈವದವರ ಮುಂದೆಯೂ ಹೇಳುತ್ತೇನೆ. ತಾವು ಬರಬೇಕೆಂದು ಮೇಲೆ ಬರೆದದ್ದನ್ನು ಕೇಳುವ ಅಧಿಕಾರ ನನಗಿಲ್ಲ. ಅದನ್ನು ಹೊಡೆದುಹಾಕಿದೆನೆಂದು ತಿಳಿಯಬೇಕು.

ತಾವು ಕೀಲಿ ಕೊಟ್ಟಿದ್ದಿರಿ, ಹಾಲೇಶಪ್ಪನವರೇ. ಅವಳನ್ನು ಮಣ್ಣಿಗಿಟ್ಟು ಬಂದ ಮೂರನೆಯ ದಿನ ಆ ಗುಂಡಿಯನ್ನು ಒಳಗೊತ್ತಿದೆ. ಯಾರೂ ತಿರುವಲಿಲ್ಲ. ತಾನಾಗಿಯೇ ನಡೆಯತೊಡಗಿ, ಮರುದಿನ ಮಧ್ಯಾಹ್ನದವರೆಗೆ ನಡೆಯಿತು.