ಸಾಸಿವೆಯಷ್ಟು ಹೂ

ಅಪ್ಪಾ,

ನೀನು ದಾಂಡೇಲಿಯಿಂದ ಲಾರಿಯಲ್ಲಿ ತೊಗಟೆ ಸಮೇತ ತಂದಿದ್ದ ಹೆಬ್ಬೆರಳುದ್ದದ ಆರ್ಕಿಡ್ ಇವತ್ತು ಬೆಳಿಗ್ಗೆ ಸಾಸಿವೆ ಕಾಳಿನಷ್ಟು ಹೂ ಬಿಟ್ಟಿತ್ತು. ನೀನು ತೀರಿಕೊಂಡ ಮೇಲೆ ಇದೇ ಮೊದಲು. ಹೂ ನೋಡದೆ ಯಾವ ಜಾತಿ ಎಂದು ಹೇಳಲಾಗದು ಎಂದಿದ್ದ ಸಸ್ಯಶಾಸ್ತ್ರದ ಮೇಷ್ಟ್ರನ್ನು ಕರೆತರಲು ಕೊಟ್ಟೂರಿಗೆ ಹೋದೆ. ನಾವು ಬರುವಷ್ಟರಲ್ಲಿ ಅವ್ವ ಗಿಡವನ್ನು ತೊಗಟೆಯಿಂದ ಬಿಡಿಸಿ, ಡಬ್ಬಿಯ ಎರೆಮಣ್ಣಿಗೆ ಗೊಬ್ಬರ ಬೆರೆಸಿ ನೆಟ್ಟಿದ್ದಳು. ಹೂ ಗೊಬ್ಬರದಲ್ಲಿ ಸೇರಿಹೋಗಿತ್ತು.

“ನಿಮ್ಮಪ್ಪನ ಗಿಡ ಐತಿ. ಮಣ್ಣಿಲ್ದಂಗ ಎಷ್ಟು ದಿನ ಉಪಾಸ ಕೆಡವ್ತಿಯಲೇ?” ಎಂದಳು.

ಮೇಷ್ಟ್ರು ನಕ್ಕು ಹೊರಟರು. ಅದು ಗಾಳಿಯಲ್ಲೇ ಬದುಕುವ ಗಿಡವೆಂದು ನೀನಾದರೂ ಅವಳಿಗೊಂದು ಮಾತು ಹೇಳಬಾರದಿತ್ತೇ?

ಬೇರು ತೊಳೆದು ಮತ್ತೆ ತೊಗಟೆಗೆ ಕಟ್ಟಿದ್ದೇನೆ. ನಾಳೆಯಿಂದ ಅದಕ್ಕೆ ನೀರು ಚಿಮುಕಿಸುವ ಕೆಲಸವನ್ನು ಅವ್ವನಿಗೇ ಬಿಡುತ್ತೇನೆ.