ಗಾನವಿಯ ಟಿ.ಸಿ.

ಅಕ್ಕಾ,

ಇವತ್ತು ಕೊಪ್ಪದ ಶಾಲೆಯಿಂದ ನಿನ್ನ ಮಗಳ ಟಿ.ಸಿ. ತಂದೆ. ನಮ್ಮನೆಯವರಿಗೆ ಛತ್ತೀಸಗಢದ ರಾಯಪುರಕ್ಕೆ ವರ್ಗವಾಗಿದೆ, ಮುಂದಿನ ವಾರ ಹೊರಡಬೇಕು. ಗಾನವಿಯೂ ನಮ್ಮ ಜೊತೆಗೇ ಬರುತ್ತಾಳೆ. ನೀನು ತೀರಿಕೊಂಡು ಮೂರು ವರ್ಷವಾಯಿತು. ಅವಳ ಅಪ್ಪ ಈಗ ಫೋನ್ ಕೂಡ ಮಾಡುವುದಿಲ್ಲ.

ಆಫೀಸಿನವರು ರಿಜಿಸ್ಟರ್ ನೋಡಿ, "ತಾಯಿ ಶೈಲಜಾ. ನೀವೇ ಅಲ್ವಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಾನವಿ, "ಹೌದು, ನಮ್ಮಮ್ಮ" ಎಂದುಬಿಟ್ಟಳು. ನಾನು 'ಪೋಷಕಿ' ಎಂದು ಬರೆದು ನನ್ನ ಹೆಸರಿನಲ್ಲೇ ಸಹಿ ಹಾಕಿದೆ. ಅವಳು ಅದನ್ನು ನೋಡಿದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕೇಳಿದಳು: "ಚಿಕ್ಕಿ, ರಾಯಪುರದಲ್ಲಿ ನಾವು ಯಾರಂತ ಯಾರಿಗೂ ಗೊತ್ತಿಲ್ಲ ಅಲ್ದಾ? ಅಲ್ಲಿ ನಿನ್ನನ್ನ ಅಮ್ಮ ಅಂತ ಕರೀಲಾ?"

ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದ ನೀನು, "ಒಂದ್ಸಲ ಬಂದು ಮುಖ ತೋರ್ಸಿ ಹೋಗೇ" ಎಂದು ಫೋನ್ ಮಾಡಿದ್ದೆ. ಹಳೆಯ ಜಗಳ ಹಿಡಿದುಕೊಂಡು ನಾನು ಬರಲಿಲ್ಲ. ಆ ವಿಷಯ ಅವಳಿಗೆ ಗೊತ್ತಿಲ್ಲ. ಇವತ್ತಾದರೂ ಹೇಳಬೇಕಿತ್ತು.

"ಹ್ಞೂಂ, ಹಾಗೇ ಕರಿ ಮಗಾ" ಎಂದೆ.

ಅವಳು ನನ್ನ ತೋಳಿಗೆ ಒರಗಿ, ನಮ್ಮೂರು ಜಯಪುರ ಬರುವವರೆಗೂ ಆ ಒಂದೇ ಪದವನ್ನು ಮೆಲ್ಲಗೆ ಹೇಳಿ ಹೇಳಿ ನೋಡುತ್ತಿದ್ದಳು.